ಕೇಳಿದ ಹಾಡು, ಕೇಳದ ಕಥೆ



ಟೂರಿಂಗ್ ಟಾಕೀಸಿನ ಕಾಲವನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ನೆನಪಿರುತ್ತದೆ. ಹಾಸನದ ಸುತ್ತ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಊರುಗಳಲ್ಲಿ, ಅಷ್ಟೇಕೆ, ಹಳೆಯ ಮೈಸೂರು ಸೀಮೆಯ ಉದ್ದಗಲಕ್ಕೂ ಸಂಜೆಯಾಗುತ್ತಲೇ ಟೆಂಟಿನ ಮೇಲೆ ಕಟ್ಟಿದ ಮೈಕು ಹಾಡತೊಡಗುತ್ತಿತ್ತು. ಘಂಟಸಾಲ ಅವರ ‘ನಮೋ ವೆಂಕಟೇಶ’ದ ಪ್ಲೇಟು ಹಾಕಿದರೆಂದರೆ ಅನೇಕ ಟೆಂಟುಗಳಲ್ಲಿ ಅದು ಆಟಕ್ಕೆ ಹೊತ್ತಾಯಿತೆಂಬ ಸೂಚನೆ. ಒಲೆಯ ಮುಂದಿದ್ದವರು ಬೇಗಬೇಗ ಮುದ್ದೆ ತಿರುವಿ ಇಳಿಸುತ್ತಿದ್ದರು. ಹೊಲದಿಂದ ಬರುತ್ತಿದ್ದವರು ಹೆಜ್ಜೆ ಬಿರುಸು ಮಾಡುತ್ತಿದ್ದರು. ಹಾಡು ತೆಲುಗಿನದು. ಕೇಳುವವರಲ್ಲಿ ಹೆಚ್ಚಿನವರಿಗೆ ತೆಲುಗು ಬಾರದು. ಆದರೂ ಆ ಹಾಡು ಏನು ಹೇಳುತ್ತಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ: ನೆಲದ ಟಿಕೆಟ್ಟು ಬೇಕಾದರೆ ಈಗಲೇ ಹೊರಡಿ!

ಇಂದಿನ ವ್ಯಾಪಾರದ ಭಾಷೆಯಲ್ಲಿ ಇದನ್ನು ಬ್ರಾಂಡ್ ಸಂಗೀತ ಎನ್ನುತ್ತಾರೆ. ಟೆಂಟಿನ ಮಾಲೀಕರಿಗೆ ಆ ಪದ ಗೊತ್ತಿರಲಿಲ್ಲ, ಆದರೆ ಕೆಲಸ ಗೊತ್ತಿತ್ತು. ಜನರಿಗೆ ಮೊದಲೇ ಪರಿಚಯವಿರುವ, ಅವರು ಕೈಮುಗಿದು ಕೇಳುವ ಒಂದು ದನಿಯನ್ನು ತಂದು, ಅದನ್ನು ತಮ್ಮ ಆಟದ ಬಾಗಿಲಿಗೆ ಕಟ್ಟಿದರು. ಸಿನಿಮಾದ ಕಥೆ ಹೇಳುವವರೂ ಸಾಬೂನು ಮಾರುವವರೂ ಮಾಡುತ್ತ ಬಂದಿರುವುದು ಬಹುಮಟ್ಟಿಗೆ ಇದನ್ನೇ. ಈ ಪರಿಚಿತ ಸಂಗೀತ ಎಂಬುದು ಕಥೆಗೆ ಏನು ಕೊಡುತ್ತದೆ, ಅದರ ಬದಲಿಗೆ ಏನು ಕೇಳುತ್ತದೆ ಎಂಬುದನ್ನು ನೋಡಲು ಹಾಸನ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಏಕೆಂದರೆ ಈ ವಿದ್ಯೆಯ ಮುಖ್ಯ ಪಾತ್ರಧಾರಿಗಳಲ್ಲಿ ಹಲವರು ಇಲ್ಲಿನವರು, ಇಲ್ಲವೇ ಈ ನೆಲದ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು.

ಮೊದಲು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರಕ್ಕೆ ಹೋಗೋಣ. ಅಲ್ಲಿ 1931ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರು ತಮ್ಮ ಕಾದಂಬರಿಯೊಂದಕ್ಕೆ ‘ತಬ್ಬಲಿಯು ನೀನಾದೆ ಮಗನೆ’ ಎಂದು ಹೆಸರಿಟ್ಟರು. ಈ ಹೆಸರು ಎಲ್ಲಿಯದೆಂದು ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಹೇಳಬೇಕಾಗಿಲ್ಲ. ಗೋವಿನ ಹಾಡು ಯಾರು ಬರೆದರೋ ತಿಳಿಯದು, ಬಾಯಿಪಾಠ ಮಾತ್ರ ಎಲ್ಲರಿಗೂ ಆಗಿದೆ. ಹುಲಿಗೆ ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಹೋಗುವ ಪುಣ್ಯಕೋಟಿಯ ಕಥೆ ಅದು. ಭೈರಪ್ಪನವರ ಕಾದಂಬರಿಯಲ್ಲಿ ಒಂದು ಗೌಡರ ಮನೆತನ ತಮ್ಮ ಕೊಟ್ಟಿಗೆಯ ಹಸುಗಳು ಆ ಪುಣ್ಯಕೋಟಿಯ ವಂಶದವೇ ಎಂದು ನಂಬಿದೆ. ಮೊಮ್ಮಗ ಅಮೆರಿಕದಲ್ಲಿ ಓದಿ, ಅಲ್ಲಿಯ ಹೆಂಡತಿಯೊಡನೆ ಹಳ್ಳಿಗೆ ಬರುತ್ತಾನೆ. ಹಸು ಅವನಿಗೆ ಹಾಲಿನ ಲೆಕ್ಕ, ಊರಿಗೆ ತಾಯಿ. ಮುಂದಿನದು ಓದಿದವರಿಗೆ ಗೊತ್ತು.

ಇದನ್ನು 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಸೇರಿ ಚಿತ್ರ ಮಾಡಿದರು. ಕನ್ನಡದಲ್ಲಿ ಅದೇ ಹೆಸರು ಉಳಿಯಿತು. ಅದನ್ನೇ ಹಿಂದಿಯಲ್ಲೂ ತೆಗೆದರು. ಅಲ್ಲಿ ಹೆಸರು ‘ಗೋಧೂಳಿ’ ಎಂದಾಯಿತು. ಕಥೆ ಒಂದೇ, ನಿರ್ದೇಶಕರು ಅವರೇ. ಹಾಗಿದ್ದರೆ ಹೆಸರು ಏಕೆ ಬದಲಾಯಿತು? ಹಿಂದಿಯ ಪ್ರೇಕ್ಷಕ ಗೋವಿನ ಹಾಡನ್ನು ಕೇಳಿ ಬೆಳೆದವನಲ್ಲ. ಆ ಮೂರು ಪದಗಳನ್ನು ಅವನ ಭಾಷೆಗೆ ತಂದರೆ ಒಂದು ವಾಕ್ಯವಾಗುತ್ತದೆ, ನೆನಪಾಗುವುದಿಲ್ಲ. ಕನ್ನಡದ ಪ್ರೇಕ್ಷಕನಾದರೋ ಪೋಸ್ಟರು ನೋಡಿದೊಡನೆ ಮೂರನೆಯ ತರಗತಿಯ ಬೆಂಚಿನ ಮೇಲೆ ಕುಳಿತು, ಎಲ್ಲರೊಡನೆ ರಾಗವಾಗಿ ಹೇಳಿ, ಕೊನೆಗೆ ಕಣ್ಣು ಒರೆಸಿಕೊಂಡ ಮಗುವಾಗಿಬಿಡುತ್ತಾನೆ. ಟಿಕೆಟ್ಟು ಕೊಳ್ಳುವ ಮುಂಚೆಯೇ ಅವನಿಗೆ ತಾಯಿ, ಕರು, ಮಾತು, ಸಾವು ಎಲ್ಲವೂ ಗೊತ್ತು. ಇಷ್ಟನ್ನು ಕಟ್ಟಿಕೊಡಲು ಬೇರೆ ಚಿತ್ರಕ್ಕೆ ಅರ್ಧ ಗಂಟೆ ಬೇಕು. ಗೊತ್ತಿದ್ದ ಹಾಡು ಕಥೆಗೆ ಉಳಿಸಿಕೊಡುವುದು ಈ ಅರ್ಧ ಗಂಟೆಯನ್ನು.

ಆ ಹಾಡಿನ ಬಲ ಸರ್ಕಾರಕ್ಕೂ ಗೊತ್ತು. ಗೋಶಾಲೆಯ ಹಸುಗಳನ್ನು ಸಾರ್ವಜನಿಕರು ದತ್ತು ಪಡೆಯುವ ಯೋಜನೆಯನ್ನು ಕರ್ನಾಟಕ ಸರ್ಕಾರ 2022ರಲ್ಲಿ ತಂದಾಗ ಅದಕ್ಕೆ ಇಟ್ಟ ಹೆಸರು ‘ಪುಣ್ಯಕೋಟಿ’. ಸುತ್ತೋಲೆಯಲ್ಲಿ ನಾಲ್ಕು ಪುಟ ಬರೆದರೂ ಆಗದ ಕೆಲಸವನ್ನು ಒಂದು ಹೆಸರು ಮಾಡುತ್ತದೆ ಎಂಬ ಲೆಕ್ಕಾಚಾರ ಇದರಲ್ಲಿದೆ.

ಅರಕಲಗೂಡಿನ ಕಥೆ ಬೇರೆ ಬಗೆಯದು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್, ಎಂದರೆ ನಮ್ಮ ಅನಕೃ, ಹುಟ್ಟಿದ್ದು ಕೋಲಾರದಲ್ಲಿ. ಅರಕಲಗೂಡು ಅವರ ಪೂರ್ವಿಕರ ಊರು. ಅವರ ‘ಸಂಧ್ಯಾರಾಗ’ ಕಾದಂಬರಿ ಒಬ್ಬ ಸಂಗೀತಗಾರನ ಬದುಕು. 1966ರಲ್ಲಿ ಅದು ಚಿತ್ರವಾಯಿತು. ಮುಖ್ಯ ಪಾತ್ರ ರಾಜಕುಮಾರ್ ಅವರದು. ಇಲ್ಲಿ ಒಂದು ಪೇಚು ಇತ್ತು. ಕಾದಂಬರಿಕಾರ ‘ಅವನು ಅದ್ಭುತವಾಗಿ ಹಾಡಿದ’ ಎಂದು ಬರೆದರೆ ಸಾಕು, ಓದುಗ ನಂಬುತ್ತಾನೆ. ತೆರೆಯ ಮೇಲೆ ಹಾಗಲ್ಲ. ಅದ್ಭುತವಾಗಿ ಹಾಡಿಯೇ ತೋರಿಸಬೇಕು. ಇಲ್ಲವಾದರೆ ಕಥಾನಾಯಕನ ಹಿರಿಮೆ ನಗೆಪಾಟಲಾಗುತ್ತದೆ. ಆ ಚಿತ್ರಕ್ಕೆ ಪಂಡಿತ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಅವರಿಂದ ಹಾಡಿಸಿದರು. ಪುರಂದರದಾಸರ ದೇವರನಾಮವೂ ಸೇರಿತು. ಕಲ್ಪಿತ ಸಂಗೀತಗಾರನೊಬ್ಬ ನಿಜವಾದ ವಿದ್ವಾಂಸರ ಕೀರ್ತಿಯನ್ನು ಕಡ ತಂದು ನಿಂತ. ಕಚೇರಿಯಲ್ಲೋ ರೇಡಿಯೋದಲ್ಲೋ ಆ ದನಿಗಳನ್ನು ಕೇಳಿದ್ದ ಜನ ಅನುಮಾನಿಸುವ ಗೋಜಿಗೇ ಹೋಗಲಿಲ್ಲ.

ಪರಿಚಿತವಾದದ್ದು ಹಾಡೇ ಆಗಬೇಕೆಂದಿಲ್ಲ, ಕಂಠವೂ ಆಗಬಹುದು ಎಂಬುದಕ್ಕೆ ಇದು ಉದಾಹರಣೆ. ಮುಂದೆ 1980ರ ದಶಕದಲ್ಲಿ ಶಂಕರನಾಗ್ ತಮ್ಮ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರಕ್ಕೆ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ವನ್ನು ಭೀಮಸೇನ ಜೋಶಿಯವರ ಕಂಠದಲ್ಲಿಯೇ ತಂದರು. ಹಾಡೂ ಗೊತ್ತಿದ್ದದ್ದು, ಕಂಠವೂ ಗೊತ್ತಿದ್ದದ್ದು. ಇಂದು ಶ್ರಾವಣ ಬಂತೆಂದರೆ ಒಡವೆ ಅಂಗಡಿ, ಸೀರೆ ಅಂಗಡಿಗಳ ಜಾಹೀರಾತಿನಲ್ಲಿ ನಾದಸ್ವರದ ಮೇಲೋ ವೀಣೆಯ ಮೇಲೋ ಅದೇ ದೇವರನಾಮದ ಎಳೆ ಕೇಳಿಸುತ್ತದೆ. ಲಕ್ಷ್ಮಿಯನ್ನು ಮನೆಗೆ ಕರೆಯುವ ಹಾಡು ಗಿರಾಕಿಯನ್ನು ಅಂಗಡಿಗೆ ಕರೆಯುತ್ತದೆ. ಎಲ್ಲವನ್ನೂ ವಿಠಲನಿಗೆ ಒಪ್ಪಿಸಿ ತಂಬೂರಿ ಹಿಡಿದ ಪುರಂದರದಾಸರು ಇದನ್ನು ಕೇಳಿದ್ದರೆ ಇನ್ನೊಂದು ಕೀರ್ತನೆ ಬರೆಯುತ್ತಿದ್ದರೇನೋ!

ಅರಕಲಗೂಡು ತಾಲ್ಲೂಕಿನಲ್ಲೇ, ಕಾವೇರಿಯ ದಂಡೆಯ ಮೇಲೆ, ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ ಅವರ ಊರು, ರುದ್ರಪಟ್ಟಣಂ ಸಹೋದರರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಊರು, ಆರ್.ಕೆ. ಪದ್ಮನಾಭ ಅವರ ಊರು. ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಧ್ಯಾನಮಂದಿರವನ್ನು ಕಟ್ಟಲಾಗಿದೆ, ಸಂಗೀತೋತ್ಸವ ನಡೆಯುತ್ತದೆ. ಸಾಮಾನ್ಯವಾಗಿ ಸರಕು ಸಂಗೀತದಿಂದ ಹೆಸರು ಮಾಡಿಕೊಳ್ಳುತ್ತದೆ. ಇಲ್ಲಿ ಒಂದು ಹಳ್ಳಿಯೇ ಸಂಗೀತದಿಂದ ಹೆಸರಾಯಿತು. ವ್ಯತ್ಯಾಸವೆಂದರೆ, ರುದ್ರಪಟ್ಟಣ ಎರವಲು ತರಲಿಲ್ಲ. ಮನೆಮನೆಯ ಜಗುಲಿಯ ಮೇಲೆ ತಲೆಮಾರುಗಟ್ಟಲೆ ನಡೆದ ಪಾಠವೇ ಅದರ ಬಂಡವಾಳ.

ಈಗ ಈ ಇಡೀ ವಿಷಯದ ನಡುಮನೆಗೆ ಬರಬಹುದು. ಅದು ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದ ಸಿ. ಅಶ್ವತ್ಥರದು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ, ಹೊರಗೆ ಸಂಗೀತ. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ತೆಗೆದ ‘ಕಾಕನಕೋಟೆ’ಯಿಂದ ಚಿತ್ರರಂಗಕ್ಕೆ ಬಂದರು. ಕನ್ನಡದಲ್ಲಿ ಭಾವಗೀತೆಗಳನ್ನು ಹಾಡುವ ಪದ್ಧತಿ ಅವರಿಂದ ಶುರುವಾದದ್ದಲ್ಲ; ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು ದಾರಿ ಹಾಕಿದ್ದರು. ಅಶ್ವತ್ಥರು ಅದಕ್ಕೆ ಗಂಟಲು ಕೊಟ್ಟರು. ಆ ಗಂಟಲಿನಲ್ಲಿ ನಯಕ್ಕಿಂತ ಕಸುವು ಹೆಚ್ಚು. ಕೇಳಿದವರು ಸುಮ್ಮನೆ ಕೂರುವಂತಿರಲಿಲ್ಲ.

ಚನ್ನರಾಯಪಟ್ಟಣದಿಂದ ಕೃಷ್ಣರಾಜಪೇಟೆಗೆ ಹೋಗುವ ದಾರಿಯಲ್ಲಿ ಕಿಕ್ಕೇರಿ ಸಿಗುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರ ಊರು. ಅವರ ‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಮದುವೆಯಲ್ಲಿ ಉಡುಗೊರೆಯಾಗಿ ಕೊಡುವ ಪುಸ್ತಕವೆಂದೇ ಅದು ಹೆಸರಾಯಿತು. ಓದುಬರಹ ಬಲ್ಲವರ ಆ ಪುಸ್ತಕವನ್ನು 1980ರ ದಶಕದಲ್ಲಿ ಅಶ್ವತ್ಥರ ಧ್ವನಿಸುರುಳಿ ಅಡಿಗೆಮನೆಗೂ ಬಸ್ಸಿಗೂ ಮದುವೆಯ ಚಪ್ಪರಕ್ಕೂ ತಂದಿಟ್ಟಿತು. ಆಮೇಲೆ ಬಂದದ್ದು ಟಿ.ಎಸ್. ನಾಗಾಭರಣರ ಚಿತ್ರ.

ಈ ಚಿತ್ರದ ಕಟ್ಟಡವನ್ನು ಸ್ವಲ್ಪ ನಿಂತು ನೋಡಬೇಕು. ಲೋಕರೂಢಿಯಲ್ಲಿ ಮೊದಲು ಕಥೆ, ಆಮೇಲೆ ಸನ್ನಿವೇಶ, ಅದಕ್ಕೆ ತಕ್ಕ ಹಾಡು. ಇಲ್ಲಿ ಹಾಡು ಮೊದಲೇ ಜನರ ಬಾಯಲ್ಲಿತ್ತು. ಅದಕ್ಕೆ ಕಥೆಯನ್ನು ಹೊಂದಿಸಬೇಕಿತ್ತು. ಬಳೆಗಾರ ಚೆನ್ನಯ್ಯ, ಶಾನುಭೋಗರ ಮಗಳು ಇವರೆಲ್ಲ ಕವಿತೆಯೊಳಗೆ ನಾಲ್ಕಾರು ಸಾಲಿನಲ್ಲಿ ಮುಖ ತೋರಿಸಿ ಹೋಗುವವರು. ಆದರೆ ಪ್ರೇಕ್ಷಕರ ಮನಸ್ಸಿನಲ್ಲಿ ಅವರ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂಬಷ್ಟು ಸ್ಪಷ್ಟವಾಗಿ ನೆಲೆಸಿದ್ದರು. ಅಂಥವರನ್ನು ತೆರೆಗೆ ತರುವುದು ಹೊಸ ಪಾತ್ರ ಸೃಷ್ಟಿಸುವುದಕ್ಕಿಂತ ಸುಲಭವೂ ಹೌದು, ಅಪಾಯವೂ ಹೌದು. ಸುಲಭವೇಕೆಂದರೆ ಪರಿಚಯ ಮಾಡಿಸುವ ಶ್ರಮವಿಲ್ಲ. ಅಪಾಯವೇಕೆಂದರೆ, ತೆರೆಯ ಮೇಲೆ ಬಂದ ಚೆನ್ನಯ್ಯ ತನ್ನ ಚೆನ್ನಯ್ಯನಂತೆ ಇಲ್ಲ ಎಂದು ಪ್ರತಿಯೊಬ್ಬ ಪ್ರೇಕ್ಷಕನೂ ಹೇಳಬಲ್ಲ. ಚಿತ್ರ ಗೆದ್ದಿತು ಎಂದೇ ಹೇಳಬೇಕು. 1991ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವಾಯಿತು. ನರಸಿಂಹಸ್ವಾಮಿಯವರಿಗೆ ಅತ್ಯುತ್ತಮ ಗೀತರಚನೆಯ ಪ್ರಶಸ್ತಿ ಬಂತು. ಕವಿತೆಗಳು ಅಚ್ಚಾಗಿ ಅರ್ಧ ಶತಮಾನವಾಗುತ್ತ ಬಂದಾಗ ಅವುಗಳ ಕರ್ತೃ ಚಿತ್ರಗೀತೆ ಬರೆದವರ ಸಾಲಿನಲ್ಲಿ ನಿಂತರು.

ಅದಕ್ಕೂ ಮುಂಚೆ, 1990ರಲ್ಲಿ, ನಾಗಾಭರಣ–ಅಶ್ವತ್ಥರ ಜೋಡಿ ‘ಸಂತ ಶಿಶುನಾಳ ಷರೀಫ’ ಚಿತ್ರವನ್ನು ಮಾಡಿತ್ತು. ಷರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗೀಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬ ಸಂಗತಿಯನ್ನು ಉಪದೇಶವಾಗಿ ಹೇಳಿದ್ದರೆ ಕೇಳುವವರು ಎದ್ದು ಹೋಗುತ್ತಿದ್ದರೇನೋ. ಆದರೆ ಈ ಹಾಡುಗಳನ್ನು ಜನ ಆಗಲೇ ಕ್ಯಾಸೆಟ್ಟಿನಲ್ಲಿ ಕೇಳಿ ತಲೆದೂಗಿದ್ದರು. ತಾವು ಮೆಚ್ಚಿದ ಹಾಡು ಎಂಥ ಬದುಕಿನಿಂದ ಹುಟ್ಟಿತು ಎಂದು ತೋರಿಸಿದಾಗ ಒಲ್ಲೆ ಎನ್ನುವುದು ಹೇಗೆ? ಪರಿಚಿತ ಹಾಡು ಕಷ್ಟದ ಮಾತಿಗೆ ಬಾಗಿಲು ತೆಗೆಯುವ ರೀತಿ ಇದು.

ಇಲ್ಲಿ ಮರೆತುಬಿಡಬಾರದ ಒಂದು ವಿಚಾರವಿದೆ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಪದಗಳನ್ನು ಉತ್ತರ ಕರ್ನಾಟಕದ ಭಜನೆಯ ಮೇಳಗಳು, ತತ್ವಪದಕಾರರು ಏಕತಾರಿ, ದಮ್ಮಡಿ ಹಿಡಿದು ತಲೆಮಾರುಗಳಿಂದ ತಮ್ಮದೇ ಮಟ್ಟಿನಲ್ಲಿ ಹಾಡುತ್ತ ಬಂದಿದ್ದಾರೆ. ಇಂದು ಹಾಸನದಲ್ಲೋ ಬೆಂಗಳೂರಿನಲ್ಲೋ ಒಬ್ಬರನ್ನು ಷರೀಫರ ಪದ ಹಾಡಿ ಎಂದರೆ ಬಹುಮಟ್ಟಿಗೆ ಅವರ ಬಾಯಿಂದ ಬರುವುದು ಅಶ್ವತ್ಥರ ಧಾಟಿ. ಪದ ಹತ್ತೊಂಬತ್ತನೆಯ ಶತಮಾನದ್ದು, ಧಾಟಿ ಕ್ಯಾಸೆಟ್ಟಿನ ಕಾಲದ್ದು. ಆದರೆ ಹಾಡುವವರು ಎರಡನ್ನೂ ಅಜ್ಜನ ಕಾಲದ್ದೆಂದೇ ತಿಳಿದಿರುತ್ತಾರೆ. ಪರಿಚಯ ಎನ್ನುವುದು ಹಳತಾಗಿರಲೇಬೇಕೆಂದಿಲ್ಲ. ಹತ್ತೇ ವರ್ಷದಲ್ಲಿ ತಯಾರಾಗಬಲ್ಲದು. ಇದು ಅಶ್ವತ್ಥರ ದೊಡ್ಡ ಗೆಲುವು. ಅದರ ಜೊತೆಗೇ, ಒಂದು ಧಾಟಿ ಎಲ್ಲೆಡೆ ಹರಡಿದಾಗ ಇನ್ನೆಷ್ಟೋ ಧಾಟಿಗಳು ಊರ ಹೊರಗಿನ ಗುಡಿಯ ಕಟ್ಟೆಯಲ್ಲೇ ಉಳಿದವು ಎಂಬುದೂ ನಿಜ. ಸಕಲೇಶಪುರದ ಎಸ್.ಕೆ. ಕರೀಂಖಾನರು ಊರೂರು ಅಲೆದು ಜನಪದ ಗೀತೆಗಳನ್ನು ಸಂಗ್ರಹಿಸಿದವರು, ಚಿತ್ರಗಳಿಗೂ ಹಾಡು ಬರೆದವರು. ಎರಡೂ ದಂಡೆ ಬಲ್ಲ ಅಂಥವರು ವಿರಳ.

ವ್ಯಾಪಾರದ ಲೋಕದಲ್ಲಿ ಪರಿಚಯವನ್ನು ತಯಾರಿಸುವ ಕೆಲಸ ಇನ್ನೂ ಬೇಗ ನಡೆಯುತ್ತದೆ. ಗಡಿಯಾಚೆ, ಕನ್ನಡಿಗರೂ ಸಾಕಷ್ಟಿರುವ ಹೊಸೂರಿನಲ್ಲಿ, 1980ರ ದಶಕದಲ್ಲಿ ಟೈಟನ್ ಗಡಿಯಾರದ ಕಾರ್ಖಾನೆ ಶುರುವಾಯಿತು. ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಕೈಗೆ ಕಟ್ಟಿದ್ದ ನಾಡು ಇದು. ಟೈಟನ್‌ನ ಜಾಹೀರಾತಿಗೆ ಓಗಿಲ್ವಿ ಸಂಸ್ಥೆ ಆರಿಸಿಕೊಂಡದ್ದು ಮೊಜಾರ್ಟನ ಇಪ್ಪತ್ತೈದನೆಯ ಸಿಂಫನಿಯ ಎಳೆಯನ್ನು. 1773ರಲ್ಲಿ, ಹದಿನೇಳರ ಹರೆಯದಲ್ಲಿ, ಮೊಜಾರ್ಟ್ ಬರೆದದ್ದು ಅದು. 1984ರ ‘ಅಮೇಡಿಯಸ್’ ಚಿತ್ರ ಆರಂಭವಾಗುವುದೂ ಅದರಿಂದಲೇ. ಪಾಶ್ಚಾತ್ಯ ಸಂಗೀತ ಬಲ್ಲವರಿಗೆ ಅದು ಸಾಲ್ಸ್‌ಬರ್ಗ್ ನಗರದ ನೆನಪು. ನಮ್ಮ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಟಿವಿ ಅಂಗಡಿಯ ಮುಂದೆ ನಿಂತವರಿಗೆ ಅದು ಟೈಟನ್ ಮ್ಯೂಸಿಕ್ಕು. ಮೊಜಾರ್ಟನನ್ನು ಕೇಳಿ ‘ಓಹೋ, ಗಡಿಯಾರದ ಹಾಡು’ ಎನ್ನುವವರು ಇಂದಿಗೂ ಇದ್ದಾರೆ. ಅವರನ್ನು ನೋಡಿ ನಗಬೇಕಾಗಿಲ್ಲ. ಅಪರಿಚಿತವಾದದ್ದನ್ನು ತಂದು, ಮತ್ತೆ ಮತ್ತೆ ಕೇಳಿಸಿ, ಅದನ್ನು ಸರಕಿನ ಆಸ್ತಿ ಮಾಡಿದ ಜಾಣತನ ಜಾಹೀರಾತಿನವರದು.

ಆಕಾಶವಾಣಿಯ ಬೆಳಗಿನ ರಾಗವೂ ಹೀಗೆಯೇ. 1936ರಲ್ಲಿ ಅದನ್ನು ರಚಿಸಿದವರು ವಾಲ್ಟರ್ ಕಾಫ್‌ಮನ್. ಯೂರೋಪಿನಿಂದ ಆಶ್ರಯ ಅರಸಿ ಮುಂಬಯಿಗೆ ಬಂದಿದ್ದ ಯಹೂದಿ ಸಂಗೀತಗಾರ. ಆ ತಂಬೂರಿ–ಪಿಟೀಲಿನ ದನಿಗೆ ಎದ್ದು ಸೌದೆ ಒಲೆ ಹೊತ್ತಿಸಿದ ಮನೆಗಳಲ್ಲಿ ಇದನ್ನು ಮಾಡಿದವರು ಯಾರೆಂದು ಯಾರೂ ಕೇಳಿದವರಲ್ಲ. 1967ರಲ್ಲಿ ವಿವಿಧಭಾರತಿ ಜಾಹೀರಾತಿಗೆ ಬಾಗಿಲು ತೆರೆದ ಮೇಲೆ ಸಾಬೂನು, ಟೂತ್‌ಪೇಸ್ಟು, ನೋವಿನ ಮುಲಾಮುಗಳ ತುಣುಕು ಹಾಡುಗಳು ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬಂದವು.

ಹೊಳೆನರಸೀಪುರವೆಂದರೆ ರಾಜಕೀಯವೂ ನೆನಪಾಗುತ್ತದೆ. 1962ರಲ್ಲಿ ಇಲ್ಲಿಂದ ಪಕ್ಷೇತರರಾಗಿ ವಿಧಾನಸಭೆಗೆ ಹೋದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದರು. ಈ ಸೀಮೆಯಲ್ಲಿ ಚುನಾವಣೆ ಎಂದರೆ ಆಟೋಕ್ಕೆ ಕಟ್ಟಿದ ಮೈಕು, ಮೈಕಿನಲ್ಲಿ ಜನಪ್ರಿಯ ಚಿತ್ರಗೀತೆಯ ಧಾಟಿ, ಧಾಟಿಯ ಮೇಲೆ ಅಭ್ಯರ್ಥಿಯ ಗುಣಗಾನ. ಎಲ್ಲ ಪಕ್ಷಗಳಿಗೂ ಇದೇ ಉಪಾಯ. ಹೊಸ ಧಾಟಿ ಕಲಿಸಲು ಪ್ರಚಾರದ ಹದಿನೈದು ದಿನ ಸಾಲದು. ಗೊತ್ತಿದ್ದ ಧಾಟಿಗೆ ಹೊಸ ಹೆಸರು ಜೋಡಿಸಿದರೆ ಮಕ್ಕಳೇ ಬೀದಿಬೀದಿಯಲ್ಲಿ ಹಾಡಿಕೊಂಡು ತಿರುಗುತ್ತಾರೆ. ಒಂದೇ ಧಾಟಿಯನ್ನು ಎರಡು ಪಕ್ಷ ಹಿಡಿದುಬಿಟ್ಟರೆ ಆಗುವ ಫಜೀತಿ ಬೇರೆ ಮಾತು.

ಪರಿಚಿತ ಸಂಗೀತ ಯಾವಾಗಲೂ ಕಥೆಗೆ ಒದಗಿಬರುತ್ತದೆ ಎಂದು ಭಾವಿಸಬಾರದು. ಅದು ನಿರ್ದೇಶಕನ ಕೈಯಿಂದ ಪ್ರೇಕ್ಷಕನನ್ನು ಕಿತ್ತುಕೊಂಡು ಹೋಗುವುದೂ ಉಂಟು. ತನ್ನ ಮದುವೆಯಲ್ಲಿ ಕೇಳಿದ ಹಾಡು ತೆರೆಯ ಮೇಲೆ ಬಂದರೆ ಪ್ರೇಕ್ಷಕ ನಾಯಕಿಯ ಮದುವೆಯನ್ನು ಬಿಟ್ಟು ತನ್ನ ಮದುವೆಗೆ ಹೋಗಿಬಿಡುತ್ತಾನೆ. ಬಹಳ ಚಿತ್ರಗಳಲ್ಲಿ, ಕಥೆ ಸೊರಗಿದ ಕಡೆ ಊರುಗೋಲಾಗಿ ಹಳೆಯ ಹಾಡನ್ನು ತುರುಕುವ ಅಭ್ಯಾಸವಿದೆ. ಅಲ್ಲಿ ಚಪ್ಪಾಳೆ ಬೀಳುತ್ತದೆ, ಆದರೆ ಆ ಚಪ್ಪಾಳೆ ಹಾಡಿನದು. ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ಯನ್ನು ನಾಗತಿಹಳ್ಳಿ ಚಂದ್ರಶೇಖರ್ ತಮ್ಮ ‘ಅಮೆರಿಕ ಅಮೆರಿಕ’ದಲ್ಲಿ ತಂದದ್ದು ಇದಕ್ಕೆ ತದ್ವಿರುದ್ಧವಾದ ಉದಾಹರಣೆ. ದೂರದ ಸೆಳೆತವೇ ಆ ಕವಿತೆಯ ಜೀವ, ದೂರಕ್ಕೆ ಹೋದವರದೇ ಆ ಕಥೆ. ಕವಿತೆಯನ್ನು ತೆಗೆದರೆ ಚಿತ್ರಕ್ಕೆ ಬೆನ್ನುಮೂಳೆ ಇರುವುದಿಲ್ಲ.

ಇನ್ನು ಹಕ್ಕಿನ ಪ್ರಶ್ನೆ. ಎಲ್ಲರಿಗೂ ಗೊತ್ತಿರುವ ಹಾಡು ಎಲ್ಲರದೂ ಹೌದೇ? 2022ರ ‘ಕಾಂತಾರ’ದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ನ ನಕಲೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಯಿತು. ಮಧ್ಯಂತರ ತಡೆ ಬಂದುದರಿಂದ ಚಿತ್ರ ಒಟಿಟಿಗೆ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ಧಾಟಿ ಕೂಡಿಸಬೇಕಾಯಿತು. ತಡೆ ತೆರವಾದ ಮೇಲೆ ಮೊದಲಿನದು ಮರಳಿತು. ಅಷ್ಟರಲ್ಲಿ ನಡೆದದ್ದು ಗಮನಿಸುವಂಥದು. ಚಿತ್ರಮಂದಿರದಲ್ಲಿ ಒಂದು ಧಾಟಿ ಕೇಳಿ ಮೈನವಿರೇಳಿಸಿಕೊಂಡಿದ್ದ ಜನ, ಮನೆಯಲ್ಲಿ ಇನ್ನೊಂದನ್ನು ಕೇಳಿ ಇದು ನಮ್ಮ ಕಾಂತಾರವೇ ಅಲ್ಲ ಎಂದರು. ಎರಡೇ ತಿಂಗಳಲ್ಲಿ ಆ ಹಾಡು ಅವರಿಗೆ ಪರಿಚಿತವಾಗಿಬಿಟ್ಟಿತ್ತು.

ಕಾನೂನು ಹೇಳುವುದು ಇಷ್ಟು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಕವಿಯ ಅಥವಾ ರಾಗ ಸಂಯೋಜಕರ ಕೃತಿಗೆ ಅವರು ತೀರಿಕೊಂಡ ಮೇಲೆ 60 ವರ್ಷ ರಕ್ಷಣೆ. 2012ರ ತಿದ್ದುಪಡಿ ಬಂದ ಮೇಲೆ, ಹಾಡನ್ನು ಚಿತ್ರಕ್ಕೆ ಬರೆದುಕೊಟ್ಟರೂ ಅದು ಬೇರೆ ಕಡೆ ಬಳಕೆಯಾದಾಗ ಬರುವ ಗೌರವಧನದ ಪಾಲನ್ನು ಕವಿ, ಸಂಗೀತಗಾರರು ಕಳೆದುಕೊಳ್ಳುವಂತಿಲ್ಲ. ಪುರಂದರದಾಸರು, ಷರೀಫರು ಈ ಲೆಕ್ಕದಿಂದ ಎಂದೋ ಹೊರಗೆ. ಅವರ ಪದಗಳನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಜನಪದ ಹಾಡಿಗೆ ಯಜಮಾನನೇ ಇಲ್ಲ. ರಾಗಿ ಬೀಸುತ್ತ, ನಾಟಿ ಹಾಕುತ್ತ ಹಾಡಿದ ಹೆಂಗಸಿನ ಧಾಟಿ ಚಿತ್ರವೊಂದರಲ್ಲಿ ಮೆರೆದರೆ, ಅದನ್ನು ಬರೆದುಕೊಂಡವರ ಹೆಸರು ಬರಬಹುದು, ವಾದ್ಯ ಕೂಡಿಸಿದವರ ಹೆಸರು ಖಂಡಿತ ಬರುತ್ತದೆ. ಆಕೆಯ ಹೆಸರು ಬರುವುದಿಲ್ಲ. ಕಾಯಿದೆಯಲ್ಲಿ ಆಕೆಗೆ ಜಾಗವಿಲ್ಲ ನಿಜ. ಪರದೆಯ ಮೇಲೆ ಊರಿನ ಹೆಸರೊಂದನ್ನು ಹಾಕುವುದಕ್ಕೆ ಕಾಯಿದೆಯೇನೂ ಅಡ್ಡಿಯಿಲ್ಲ. ಹಾಗೆ ಹಾಕುವವರು ಕಡಿಮೆ.

ಕೆ.ಎಸ್. ನರಸಿಂಹಸ್ವಾಮಿಯವರು ತೀರಿಕೊಂಡದ್ದು 2003ರ ಡಿಸೆಂಬರಿನಲ್ಲಿ. ಅಶ್ವತ್ಥರು ತೀರಿಕೊಂಡದ್ದು 2009ರಲ್ಲಿ, ತಮ್ಮ ಹುಟ್ಟಿದ ಹಬ್ಬದ ದಿನವೇ. ಆದ್ದರಿಂದ ‘ಮೈಸೂರು ಮಲ್ಲಿಗೆ’ಯ ಸಾಹಿತ್ಯ 2063ರ ಕೊನೆಯವರೆಗೆ, ಅಶ್ವತ್ಥರ ಧಾಟಿಗಳು 2069ರ ಕೊನೆಯವರೆಗೆ ಕಾಯಿದೆಯ ಕಾವಲಿನಲ್ಲಿರುತ್ತವೆ. ಒಡವೆ ಅಂಗಡಿಯವರು ಅವನ್ನು ಜಾಹೀರಾತಿಗೆ ಬಳಸಬೇಕಾದರೆ ಅಷ್ಟು ದಿನವೂ ಹಣ ಕಟ್ಟಬೇಕು. ಚನ್ನರಾಯಪಟ್ಟಣದ ಮದುವೆಮನೆಯಲ್ಲಿ ಬೀಗರಿಗೆ ಎಲೆ ಹಾಕುವ ಹೊತ್ತಿಗೆ ಯಾರಾದರೂ ಹೆಂಗಸರು ದನಿ ಎತ್ತಿದರೆ, ಅವರಿಂದ ಯಾರೂ ಏನೂ ಕೇಳುವುದಿಲ್ಲ.